ನಂಬಿಕಸ್ಥರ ಬಾಗಿಲು

"ಆ ಬಾಗಿಲು ಯಾರಿಗಪ್ಪಾ?"

ಬೀಗಣ್ಣ ಇದನ್ನು ಕೇಳಿದ್ದು ಯಾರನ್ನೂ ಅಲ್ಲ. ಯಾರನ್ನಾದರೂ ಕೇಳುವ ಸ್ಥಿತಿಯಲ್ಲಿ ಅವನಿರಲೂ ಇಲ್ಲ. ವಿಮಾನ ನಿಲ್ದಾಣದ ತಪಾಸಣೆಯ ಜಾಗದಲ್ಲಿ ಅವನ ಬೆಲ್ಟು ಒಂದು ಟ್ರೇಯಲ್ಲಿ, ಬೂಟು ಇನ್ನೊಂದು ಟ್ರೇಯಲ್ಲಿ ಮುಂದೆ ಸಾಗಿಹೋಗಿದ್ದವು. ಎಡಗೈಯಿಂದ ಪ್ಯಾಂಟನ್ನು ಸೊಂಟದ ಹತ್ತಿರ ಬಿಗಿಯಾಗಿ ಹಿಡಿದು, ಬಲಗೈಯಿಂದ ಜೇಬಿನೊಳಗಿನ ಕೀಗಳನ್ನು ಹೆಕ್ಕಿ ಹೆಕ್ಕಿ ಹಾಕುತ್ತಿದ್ದ. ಜೇಬು ಬರಿದಾಯಿತು ಅಂದುಕೊಂಡು ಚೌಕಟ್ಟಿನೊಳಗೆ ಕಾಲಿಟ್ಟರೆ ಅದು ಕುಂಯ್ ಅನ್ನುತ್ತಿತ್ತು. ಹಿಂದೆ ಬಂದು ತಡಕಿದರೆ ಒಳಜೇಬಲ್ಲೊಂದು ಕೀ. ಮತ್ತೆ ಹೋದರೆ ಮತ್ತೆ ಕುಂಯ್. ಈ ಸಲ ಕಾಲುಚೀಲದಲ್ಲಿ. ಹಿಂದಿನ ಸಾಲಿನವರು ನಿಟ್ಟುಸಿರು ಬಿಡುವುದನ್ನು ನಿಲ್ಲಿಸಿ, ಇನ್ನೆಲ್ಲಿಂದ ಬರಬಹುದು ಎಂದು ತಮ್ಮತಮ್ಮಲ್ಲೇ ಪಂದ್ಯ ಕಟ್ಟಲು ಶುರುಮಾಡಿದ್ದರು.

ಅದೇ ಹೊತ್ತಿಗೆ ಪಕ್ಕದಲ್ಲೊಂದು ಗಾಜಿನ ಬಾಗಿಲು ಸದ್ದಿಲ್ಲದೆ ಸರಿಯಿತು. ಒಬ್ಬ ಮನುಷ್ಯ ಬೆಲ್ಟು ಬಿಚ್ಚದೆ, ಬೂಟು ಕಳಚದೆ, ಮುಖದ ಮೇಲಿನ ನಗುವನ್ನೂ ತೆಗೆಯದೆ ನಡೆದುಹೋದ.

"ಅದು ನಂಬಿಕಸ್ಥ ಪ್ರಯಾಣಿಕರ ಬಾಗಿಲು. ಅದಕ್ಕೆ ಸದಸ್ಯತ್ವ ಬೇಕು," ಎಂದಳು ತಪಾಸಣೆಯ ಹೆಂಗಸು. "ನೀವು ಎರಡೂ ಕೈ ಎತ್ತಿ ಸರ್."

ಬೀಗಣ್ಣ ಎರಡೂ ಕೈ ಎತ್ತಿದ. ಪ್ಯಾಂಟಿನ ವಿಷಯ ಅವನಿಗೆ ಆಮೇಲೆ ನೆನಪಾಯಿತು.

ಕಡಲಾಚೆಯ ಚಿಕ್ಕಕ್ಕನ ಮನೆಗೆ ಹೋಗಿ, ಉಂಡು, ಹರಟಿ, ವಾಪಸು ಬಂದರೂ ಆ ಬಾಗಿಲು ಅವನ ಎದೆಯಲ್ಲೇ ಉಳಿಯಿತು. ಅವನು ಬಾಗಿಲುಗಳಿಂದಲೇ ಬದುಕಿದವನು. ಎರಡು ಕಟ್ಟಡಗಳ ನಡುವೆ ಯಾರೋ ಮರೆತು ಬಿಟ್ಟಂತಿದ್ದ ಸಂದಿಯಲ್ಲಿ ಅವನ ಬೀಗ ರಿಪೇರಿ ಅಂಗಡಿ. ಒಳಗೆ ಒಂದು ಸ್ಟೂಲು, ಕೀ ಉಜ್ಜುವ ಅರಗಳ ಡಬ್ಬಿ, ಬೆನ್ನ ಹಿಂದೆ ಮೊಳೆ ಹೊಡೆದ ದೊಡ್ಡ ಹಲಗೆ. ಬೀದಿಯ ಮನೆಮನೆಯ ಎರಡನೇ ಕೀ ಆ ಹಲಗೆಯ ಮೇಲೆ ತೂಗುತ್ತಿತ್ತು. ಕೀ ಮರೆತವರು, ಕೀ ಕಳೆದವರು, ಗಂಡನ ಮೇಲಿನ ಸಿಟ್ಟಿಗೆ ಕೀ ಬಿಸಾಕಿದವರು, ಎಲ್ಲರೂ ಬಂದು ಅವನೆದುರು ನಿಲ್ಲುತ್ತಿದ್ದರು. ಅವನು ತಿರುಗಿ ನೋಡದೆ ಕೈಯನ್ನು ಹಿಂದೆ ಚಾಚಿ, ಸರಿಯಾದ ಮೊಳೆಯಿಂದ ಸರಿಯಾದ ಕೀ ಎತ್ತಿಕೊಡುತ್ತಿದ್ದ. ಇದಕ್ಕೆ ಕೂಲಿ ಇಲ್ಲ, ರಸೀದಿ ಇಲ್ಲ, ಮಾತೂ ಇಲ್ಲ.

ಮೊದಲ ಮೊಳೆ ಹಿರಿಯ ಅಕ್ಕನದು. ತಾಯಿಯಿಲ್ಲದ ತಮ್ಮನನ್ನೂ ತಂಗಿಯನ್ನೂ ಒಂದೊಂದು ಕೈಯಲ್ಲಿ ಹಿಡಿದು ದೊಡ್ಡವರನ್ನಾಗಿ ಮಾಡಿದವಳು ಆಕೆ. ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ರೋಗಿಗಳ ಸರದಿ ಕೂಗುವ ಕೆಲಸ ಮಾಡಿ, ಈಗ ಪಕ್ಕದ ಓಣಿಯಲ್ಲಿ ಒಬ್ಬಳೇ ಇದ್ದಳು. ತಮ್ಮ ಅಂಗಡಿ ತೆರೆದ ದಿನ ತನ್ನ ಮನೆ ಕೀ ತಂದು, "ಬೋಣಿ ನನ್ನದೇ ಆಗ್ಲಿ," ಎಂದು ತೂಗುಹಾಕಿದ್ದಳು. ಉಳಿದ ಕೀಗಳೆಲ್ಲ ಅದನ್ನು ನೋಡಿಯೇ ಬಂದದ್ದು.

ಹೀಗೆ ಎಲ್ಲರ ಮನೆಯ ಕೀ ಅವನ ಹತ್ತಿರ ಇತ್ತು. ಅವನ ಅಂಗಡಿಯ ಕೀ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಎದುರಿನ ದರ್ಜಿ ಒಮ್ಮೆ ಕೇಳಿದ್ದ, "ನಿಮ್ಮ ಅಂಗಡಿದೂ ಒಂದು ನನ್ನ ಹತ್ರ ಇರ್ಲಿ ಬೀಗಣ್ಣ, ಹೊತ್ತಿಗೆ ಬೇಕಾಗತ್ತೆ."

"ಡಾಕ್ಟರು ರೋಗಿ ಹತ್ರ ಔಷಧಿ ಬರೆಸ್ಕೊತಾನಾ ಟೈಲರಣ್ಣ?" ಎಂದು ಬೀಗಣ್ಣ ನಕ್ಕು, ಅಂಗಡಿಗೆ ತಾನೇ ಮಾಡಿದ ಬೀಗ ಜಡಿದು ಹೋಗಿದ್ದ. ಆ ಬೀಗ ಅವನ ಹೆಮ್ಮೆ. ಅದನ್ನು ಅವನಲ್ಲದೆ ದೇವರೂ ತೆಗೆಯಲಾರ ಎಂದು ಅವನ ಅಂದಾಜು.

ಇಂಥವನನ್ನು ನಂಬಿಕಸ್ಥ ಅಲ್ಲ ಅನ್ನುವುದಾದರೆ ಇನ್ನು ಯಾರನ್ನು ಅನ್ನಬೇಕು? ಹೀಗೆ ಯೋಚಿಸಿ ಬೀಗಣ್ಣ ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಸದಸ್ಯತ್ವದ ಕಚೇರಿಗೆ ಹೋದ.

ಅಲ್ಲಿನ ಅಧಿಕಾರಿಣಿ ಹಸನ್ಮುಖಿ. ಫೋಟೊ ತೆಗೆದಳು, ಕಣ್ಣಿನ ಗುರುತು ತೆಗೆದಳು, ಆಮೇಲೆ ಹಸಿರು ಬೆಳಕಿನ ಗಾಜು ತೋರಿಸಿ, "ಬೆರಳು ಇಡಿ," ಎಂದಳು.

"ಇಟ್ಟಿದ್ದೀನಿ ಮೇಡಂ."

"ಇನ್ನೂ ಒತ್ತಿ."

"ಇನ್ನು ಒತ್ತಿದ್ರೆ ಗಾಜು ಒಡೆಯತ್ತೆ."

ಆಕೆ ಅವನ ಕೈಯನ್ನು ತಿರುಗಿಸಿ ನೋಡಿದಳು. "ನಿಮ್ಮ ಬೆರಳಲ್ಲಿ ಗೆರೆನೇ ಇಲ್ವಲ್ಲ."

"ಅರ ತಿಂದುಬಿಟ್ಟಿದೆ. ಇಷ್ಟು ವರ್ಷ ಉಜ್ಜಿದ್ದೀನಲ್ಲ."

"ಏನು ಕೆಲಸ ನಿಮ್ಮದು?"

"ಬೀಗ ತೆಗೆಯೋದು."

ಆಕೆಯ ಕುರ್ಚಿ ಒಂದಿಷ್ಟು ಹಿಂದೆ ಸರಿಯಿತು. "ಯಾರ ಬೀಗ?"

"ಯಾರದಾದ್ರೂ," ಎಂದ ಬೀಗಣ್ಣ, ವಿನಯದಿಂದ.

ಬೆರಳಚ್ಚೇ ಇಲ್ಲದ ಮನುಷ್ಯ ಯಾರ ಬೀಗವನ್ನಾದರೂ ತೆಗೆಯುತ್ತಾನೆ ಎಂಬ ಸಂಗತಿ ಆ ಕಚೇರಿಯ ಮೇಜಿನಿಂದ ಮೇಜಿಗೆ ನಡೆದುಹೋಯಿತು. ಕೊನೆಯ ಮೇಜಿನವರು ತೀರ್ಮಾನ ಕೊಟ್ಟರು: ಬೆರಳು ಮಾತಾಡದಿದ್ದರೆ ನೆರೆಯವರು ಮಾತಾಡಲಿ. ಬೀದಿಗೆ ಒಬ್ಬರನ್ನು ಕಳಿಸಿ ವಿಚಾರಿಸಲಿ.

ವಿಚಾರಣೆಯವರು ಬಂದದ್ದು ಬೀಗಣ್ಣ ಊಟಕ್ಕೆ ಹೋದ ಹೊತ್ತಿನಲ್ಲಿ. ತೆಳ್ಳಗಿನ ಮನುಷ್ಯ, ಬೂದು ಬಣ್ಣದ ಕೋಟು. ಮಾತಾಡುವಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು, ಮುಖ ರಜೆಯಲ್ಲಿತ್ತು. ಮೊದಲು ದರ್ಜಿಯ ಅಂಗಡಿಗೆ ಹೋದರು.

"ಎದುರಿನವರನ್ನ ಬಲ್ಲಿರಾ?"

"ಬೀಗಣ್ಣನಾ? ಚಿನ್ನದಂಥ ಮನುಷ್ಯ ಸರ್."

"ನಿಮ್ಮ ಮನೆ ಕೀ ಅವರ ಹತ್ತಿರ ಇದೆಯಾ?"

"ಎಲ್ಲರದ್ದೂ ಇದೆ."

"ಎಲ್ಲರದ್ದೂ," ಎಂದು ಅವರು ನಿಧಾನವಾಗಿ ಬರೆದುಕೊಂಡರು. "ಮನೆಯಿಂದ ಯಾವತ್ತಾದ್ರೂ ಏನಾದ್ರೂ ಕಾಣೆಯಾಗಿದೆಯಾ?"

ದರ್ಜಿಯ ಹೊಲಿಗೆ ಯಂತ್ರ ನಿಂತಿತು. "ಇಲ್ಲ. ಯಾಕೆ ಸರ್?"

"ಅದನ್ನ ಹೇಳೋ ಹಾಗಿಲ್ಲ."

ಬೆಂಕಿಕಡ್ಡಿ ಗೀರಿದ್ದು ಇಲ್ಲೇ. ಆ ಮನುಷ್ಯ 'ವಿಮಾನಕ್ಕೆ' ಎಂದೊಂದು ಮಾತು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಿಯಮ ನಿಯಮವೇ. ಅವರು ಬೇಕರಿಗೆ ಹೋಗಿ ಬೇಕರಿ ಅಮ್ಮನನ್ನು ಅದನ್ನೇ ಕೇಳಿದರು. ಮಹಡಿಯ ಮೇಲಿನ ನಿವೃತ್ತ ಹೆಡ್‌ಮಾಸ್ತರರನ್ನೂ ಅದನ್ನೇ ಕೇಳಿದರು. ಎಲ್ಲರೂ ಬೀಗಣ್ಣನನ್ನು ಬಾಯ್ತುಂಬ ಹೊಗಳಿದರು. ಹೆಡ್‌ಮಾಸ್ತರರು ಎದ್ದು ನಿಂತೇ ಹೊಗಳಿದರು. ವಿಚಾರಣೆಯವರು ಎಲ್ಲವನ್ನೂ ಬರೆದುಕೊಂಡು, ಕೋಟಿನ ಗುಂಡಿ ಹಾಕಿಕೊಂಡು ಹೊರಟುಹೋದರು.

ಅವರು ತಿರುವಿನಲ್ಲಿ ಮರೆಯಾದದ್ದೇ ತಡ, ಬೀದಿ ಬೇಕರಿಯ ಮುಂದೆ ಸೇರಿತು.

"ನಾನಂತೂ ಒಳ್ಳೇದನ್ನೇ ಹೇಳಿದೆ," ಎಂದ ದರ್ಜಿ.

"ನಾವೂ ಅಷ್ಟೆ. ಆದ್ರೆ ಸುಮ್ಮಸುಮ್ಮನೆ ಸರ್ಕಾರದವರು ಬರ್ತಾರಾ?" ಎಂದಳು ಬೇಕರಿ ಅಮ್ಮ. "ಈಗ ಯೋಚಿಸಿದ್ರೆ, ನನ್ನ ನೀಲಿ ಛತ್ರಿ ಎಲ್ಲಿ ಹೋಯ್ತು ಅಂತ?"

"ಅದನ್ನ ಬಸ್ಸಲ್ಲಿ ಬಿಟ್ಟೆ ಅಂದಿದ್ರಿ."

"ಬಸ್ಸಲ್ಲಿ ಬಿಟ್ಟೆ ಅಂತ ಆಗ ಅಂದ್ಕೊಂಡಿದ್ದೆ. ಆಗ ಇವರು ಬಂದಿರ್ಲಿಲ್ವಲ್ಲ."

ಹೆಡ್‌ಮಾಸ್ತರರು ಗಂಟಲು ಸರಿಮಾಡಿಕೊಂಡರು. "ನಾನು ಯಾರ ಮೇಲೂ ಆರೋಪ ಮಾಡುವವನಲ್ಲ. ಆದರೆ ಕೀ ಅನ್ನೋದು ಅವರವರ ಹತ್ರ ಇದ್ದರೇ ಶೋಭೆ."

ಮಾರನೆಯ ಬೆಳಿಗ್ಗೆಯಿಂದ ಹಲಗೆ ಬೋಳಾಗತೊಡಗಿತು. ದರ್ಜಿ ಬಂದ, ಮಾವ ಊರಿಂದ ಬರುತ್ತಿದ್ದಾರೆ, ಅವರಿಗೊಂದು ಕೀ ಬೇಕು ಎಂದ. ಬೇಕರಿ ಅಮ್ಮ ಬಂದಳು, ಬಾಗಿಲಿಗೆ ಬಣ್ಣ ಹೊಡೆಸುತ್ತಿದ್ದೇನೆ ಎಂದಳು. ಬಣ್ಣಕ್ಕೂ ಕೀಗೂ ಏನು ಸಂಬಂಧ ಎಂದು ಆಕೆಯೂ ಹೇಳಲಿಲ್ಲ, ಬೀಗಣ್ಣನೂ ಕೇಳಲಿಲ್ಲ. ಹೆಡ್‌ಮಾಸ್ತರರು ತಾವು ಬರದೆ ಸೊಸೆಯನ್ನು ಕಳಿಸಿದರು. ಒಯ್ದವರೆಲ್ಲ ಬೀದಿಯ ಆ ತುದಿಗೆ ಹೋಗಿ, ಹೊಸದಾಗಿ ಬಂದಿದ್ದ ಯಂತ್ರದ ಕೀ ಅಂಗಡಿಯವನಿಂದ ಬೀಗವನ್ನೇ ಬದಲಾಯಿಸಿಕೊಂಡರು. ಅವನನ್ನು ಎಲ್ಲರೂ ಮೆಷಿನ್ ಅನ್ನುತ್ತಿದ್ದರು.

ಬೀಗಣ್ಣನಿಗೆ ಸುಳಿವೇ ಹತ್ತಲಿಲ್ಲ. ಅವನ ಮನಸ್ಸು ಗಾಜಿನ ಬಾಗಿಲಲ್ಲಿತ್ತು. ದೊಡ್ಡ ಮನುಷ್ಯನಾಗುವವನಿಗೆ ಸಣ್ಣಪುಟ್ಟ ತೊಂದರೆ ಕೊಡಬಾರದು ಎಂದು ಜನ ತಾವಾಗಿಯೇ ಒಯ್ಯುತ್ತಿದ್ದಾರೆ ಅಂದುಕೊಂಡ. "ಎಂಥ ಜನ," ಎಂದು ಅವನ ಕಣ್ಣು ಕೂಡ ಒದ್ದೆಯಾಯಿತು.

ಕಾರ್ಡು ಬಂದ ದಿನ ಅದರ ಜೊತೆಗೆ ಒಂದು ಕಾಗದವೂ ಬಂತು. ಬೆರಳಚ್ಚಿನ ಕೊರತೆಯಿದ್ದರೂ ನೆರೆಹೊರೆಯವರೆಲ್ಲರೂ ಒಂದೇ ಬಾಯಲ್ಲಿ ಇವರ ವಿಶ್ವಾಸಾರ್ಹತೆಯನ್ನು ಕೊಂಡಾಡಿರುವುದರಿಂದ ಸದಸ್ಯತ್ವ ನೀಡಲಾಗಿದೆ ಎಂದಿತ್ತು. ಬೀಗಣ್ಣ ಕಾರ್ಡಿಗೆ ತೂತು ಕೊರೆದು ದಾರ ಕಟ್ಟಿ ಹಲಗೆಗೆ ತೂಗುಹಾಕಿದ. ಜಾಗಕ್ಕೆ ಬರವಿರಲಿಲ್ಲ. ಇಡೀ ಹಲಗೆಯಲ್ಲಿ ಉಳಿದದ್ದು ಮೊದಲ ಮೊಳೆಯ ಕೀ ಒಂದೇ.

ಸಂಜೆ ಅಕ್ಕ ಬಂದಳು. ಕಾರ್ಡು ನೋಡಿದಳು, ಬರಿ ಮೊಳೆಗಳನ್ನು ನೋಡಿದಳು.

"ಇದೇನೋ ಇದು?"

"ನಂಬಿಕಸ್ಥ ಅಂತ ಕೊಟ್ಟಿದ್ದಾರಕ್ಕ. ಸರ್ಕಾರದವರು."

"ನಿನ್ನನ್ನ ನಂಬೋಕೆ ಅವರಿಗೆ ಬೀದಿಯೆಲ್ಲ ಸುತ್ತಬೇಕಾಯ್ತಾ? ಅವನ್ಯಾರೋ ಕೋಟಿನವನು ಬಂದು ವಿಚಾರಿಸ್ಕೊಂಡು ಹೋದಾಗಿಂದ ಜನ ನಿನ್ನ ಕಂಡ್ರೆ ಜೇಬು ಮುಟ್ಟಿ ನೋಡ್ಕೊತಿದಾರೆ. ನಿನಗೆ ಗೊತ್ತೇ ಆಗಿಲ್ವಾ?"

ಬೀಗಣ್ಣನಿಗೆ ಆಗ ಗೊತ್ತಾಯಿತು. ಅವನು ಹಲಗೆಯ ಕಡೆ ತಿರುಗಿ ಬಹಳ ಹೊತ್ತು ನೋಡಿದ. ಅಷ್ಟು ವರ್ಷಗಳಲ್ಲಿ ಅವನು ಆ ಹಲಗೆಯನ್ನು ಹೀಗೆ ತಿರುಗಿ ನಿಂತು ನೋಡಿದ್ದು ಅದೇ ಮೊದಲು.

"ಎಲ್ಲರಿಗೂ ಹೋಗಿ ಹೇಳ್ಲಾ ಅಕ್ಕ, ಅದು ವಿಮಾನಕ್ಕೆ ಅಂತ?"

"ಹೇಳಿದ್ರೆ ಕೇಳ್ತಾರೆ. ಆದ್ರೆ ಬೀಗ ಆಗಲೇ ಬದಲಾಯ್ಸಿದಾರಲ್ಲ." ಅಕ್ಕ ಮೊದಲ ಮೊಳೆಯ ಕೀಯನ್ನು ಬೆರಳಿಂದ ಮುಟ್ಟಿ ನೇರ ಮಾಡಿದಳು. "ಇದಿದೆಯಲ್ಲ. ಬಿಡು."

ಆ ಕೀ ಇರುವ ತನಕ ತಾನು ತಾನೇ ಎಂದು ಬೀಗಣ್ಣ ಸಮಾಧಾನ ಮಾಡಿಕೊಂಡ.

ಇದಾಗಿ ಹೆಚ್ಚು ದಿನ ಆಗಿರಲಿಲ್ಲ, ಚಿಕ್ಕಕ್ಕನ ಫೋನು ಬಂತು. ಎದೆಯ ಆಪರೇಷನ್ನಿಗೆ ದಿನ ಗೊತ್ತಾಗಿದೆ ಎಂದಳು. ದನಿಯಲ್ಲಿ ಧೈರ್ಯವಿತ್ತು, ಮಾತಿನ ನಡುವಿನ ಬಿಡುವಿನಲ್ಲಿ ಇರಲಿಲ್ಲ. "ಅಕ್ಕನ್ನ ಕರ್ಕೊಂಡು ಬಾರೋ. ಸ್ಕೂಲಿಗೆ ಮೊದಲನೇ ದಿನ ಬಾಗಿಲ ತನಕ ಕೈ ಹಿಡ್ಕೊಂಡು ಬಂದಿದ್ಲಲ್ಲ, ಹಂಗೆ ಆ ಆಪರೇಷನ್ ಬಾಗಿಲ ತನಕ ಬಂದ್ರೆ ಸಾಕು. ಆಮೇಲೆ ನಾನು ಹೋಗ್ತೀನಿ."

ಅಕ್ಕ ವಿಮಾನವನ್ನು ಆಕಾಶದಲ್ಲಲ್ಲದೆ ಬೇರೆಲ್ಲೂ ನೋಡಿದವಳಲ್ಲ. ಆದರೂ ಆ ಕ್ಷಣವೇ ಚೀಲ ತೆಗೆದಳು. "ನನಗೇನೂ ತಿಳಿಯಲ್ಲ ಕಣೋ. ನೀನು ಜೊತೇಲಿರ್ತೀಯಲ್ಲ?"

"ಅಕ್ಕ, ನಾನು ಸದಸ್ಯ," ಎಂದ ಬೀಗಣ್ಣ.

ಹೊರಡುವಾಗ ಅಕ್ಕ ಬಾಗಿಲಿಗೆ ಬೀಗ ಹಾಕಿ ಕೀಯನ್ನು ಅವನ ಕೈಗೆ ಕೊಟ್ಟಳು. ತಂಗಿಯ ಒತ್ತಾಯಕ್ಕೆ ಎಂದೋ ಮಾಡಿಸಿದ್ದ ಪಾಸ್‌ಪೋರ್ಟು ಕೊಟ್ಟಳು, ಕನ್ನಡಕ ಕೊಟ್ಟಳು, ಚೀಲವನ್ನೂ ಕೊಟ್ಟಳು. ನಿಲ್ದಾಣದಲ್ಲಿ ಟಿಕೆಟ್ ತೋರಿಸಿ ಪಡೆದ ಸೀಟಿನ ಚೀಟಿಗಳನ್ನೂ ಅವನೇ ಇಟ್ಟುಕೊಂಡ. ಅವಸರದಲ್ಲಿ ಕೊಂಡ ಟಿಕೆಟ್ಟು, ಸೀಟು ಒಟ್ಟಿಗೆ ಸಿಕ್ಕಿರಲಿಲ್ಲ. ಅವನದು ಮುಂದೆ, ಅಕ್ಕನದು ಬಾಲದ ಹತ್ತಿರ.

ಆಮೇಲೆ ದಾರಿ ಕವಲೊಡೆಯಿತು. ಎಡಕ್ಕೆ ಹಗ್ಗಗಳ ನಡುವೆ ಸುತ್ತಿಸುತ್ತಿ ಹೋಗುವ ಉದ್ದ ಸಾಲು. ಬಲಕ್ಕೆ ಗಾಜಿನ ಬಾಗಿಲು.

"ಇವರು ನನ್ನಕ್ಕ, ನನ್ನ ಜೊತೆಗೇ," ಎಂದ ಬೀಗಣ್ಣ, ಕಾವಲಿನವನಿಗೆ.

"ಸದಸ್ಯತ್ವ ಒಬ್ಬರಿಗೆ ಸರ್."

"ಹಾಗಾದ್ರೆ ನಾನೂ..." ಎಂದು ಅವನು ಸಾಲಿನ ಕಡೆ ನೋಡಿದ್ದು ನಿಜ. ದೇವರ ಮೇಲೆ ಆಣೆ, ನೋಡಿದ್ದ. ಆದರೆ ಅಷ್ಟರಲ್ಲಿ ಗಾಜಿನ ಬಾಗಿಲು ಅವನ ಕಣ್ಣನ್ನು ಗುರುತು ಹಿಡಿದು, ಟಿಣ್ ಎಂದು, ಮೆಲ್ಲಗೆ ಸರಿಯಿತು. ಬೀಗವಿಲ್ಲ, ಕೀಯಿಲ್ಲ, ಸುಮ್ಮನೆ ಅವನಿಗಾಗಿ ತೆರೆದ ಬಾಗಿಲು. ಹುಟ್ಟಿದಾಗಿನಿಂದ ಬೇರೆಯವರ ಬಾಗಿಲು ತೆರೆದವನಿಗೆ ಯಾರೂ ಹೀಗೆ ಬಾಗಿಲು ತೆರೆದಿರಲಿಲ್ಲ.

"ಹೋಗು ಹೋಗು," ಎಂದಳು ಅಕ್ಕ. "ಸಾಲಲ್ಲಿ ನಿಲ್ಲೋದು ನನಗೇನು ಹೊಸದಾ? ಆ ಕಡೆ ಸಿಗ್ತೀಯಲ್ಲ."

"ಅಲ್ಲೇ ಇರ್ತೀನಿ ಅಕ್ಕ," ಎಂದು ಬೀಗಣ್ಣ ಒಳಗೆ ಹೋದ.

ಬೆಲ್ಟು ಬಿಚ್ಚಲಿಲ್ಲ, ಬೂಟು ಕಳಚಲಿಲ್ಲ, ಪ್ಯಾಂಟು ಹಿಡಿಯಲಿಲ್ಲ. ಎಲ್ಲರೂ ಸರ್ ಸರ್ ಅಂದರು. ಆ ಕಡೆ ಮೆತ್ತನೆಯ ಕುರ್ಚಿ ಕೊಟ್ಟು, ಗದ್ದಲ ಕೇಳದಂತೆ ಕಿವಿಗಿಟ್ಟುಕೊಳ್ಳಲು ಮೆತ್ತನೆಯ ಬಿರಡೆಗಳನ್ನೂ ಕೊಟ್ಟರು. ಬೀಗಣ್ಣ ಸ್ವಲ್ಪ ಹೊತ್ತು ದಾರಿ ನೋಡಿದ. ವಿಮಾನದ ಬಾಗಿಲ ಬಳಿ "ಸದಸ್ಯರು ಮೊದಲು ಬನ್ನಿ" ಎಂದು ಕರೆದರು. ಒಂದೇ ದಿನ ಎರಡು ಬಾಗಿಲು. ಅಕ್ಕ ಬರುತ್ತಾಳೆ, ಎಲ್ಲಿಗೆ ಹೋಗುತ್ತಾಳೆ, ವಯಸ್ಸಾದವರನ್ನು ಅವರೇ ಕೈಹಿಡಿದು ಕರೆತರುತ್ತಾರೆ ಅಂದುಕೊಂಡು ಅವನು ಹೋಗಿ ಸೀಟಲ್ಲಿ ಕೂತ. ಕಿವಿಗೆ ಬಿರಡೆ ಇಟ್ಟ. ಯಾರನ್ನೋ ಮೈಕಿನಲ್ಲಿ ಕರೆಯುತ್ತಿದ್ದಂತಿತ್ತು. ಸಾಲಿನವರು ಪಾಪ ಎಂದು ಕಣ್ಣು ಮುಚ್ಚಿದ. ಸುಖವಾದ ನಿದ್ದೆ.

ಎಚ್ಚರವಾದಾಗ ಕಿಟಕಿಯಾಚೆ ನೆಲ ಚಲಿಸುತ್ತಿತ್ತು. ಅಕ್ಕನಿಗೆ ಭಯವಾಗಿರಬಹುದು, ಮಾತಾಡಿಸಿ ಬರೋಣ ಎಂದು ಬಾಲದ ತನಕ ನಡೆದ. ಅಕ್ಕನ ಸೀಟಿನಲ್ಲಿ ಮಡಚಿಟ್ಟ ಕಂಬಳಿ ಮಾತ್ರ ಇತ್ತು. ಬೀಗಣ್ಣನ ಕೈ ತಾನಾಗಿ ಒಳಜೇಬಿಗೆ ಹೋಯಿತು. ಒಂದು ಪಾಸ್‌ಪೋರ್ಟು ತೆಗೆದ. ಅದರ ಹಿಂದಿನಿಂದ ಇನ್ನೊಂದು ಬಂತು. ಅದರ ಹಿಂದಿನಿಂದ ಅಕ್ಕನ ಕನ್ನಡಕ. ಅದರ ಹಿಂದಿನಿಂದ ಅಕ್ಕನ ಮನೆ ಕೀ.

"ಬಾಗಿಲು ತೆಗೀರಮ್ಮ," ಎಂದ ಗಗನಸಖಿಗೆ.

"ಸರ್, ಕೂತ್ಕೊಳಿ. ಬಾಗಿಲು ಮುಚ್ಚಿ ಆಯ್ತು."

"ನಾನು ಸದಸ್ಯ ತಾಯಿ. ನಂಬಿಕಸ್ಥ."

"ಸಂತೋಷ ಸರ್. ಬೆಲ್ಟ್ ಹಾಕ್ಕೊಳಿ."

ಅವನು ಬೆಲ್ಟ್ ಹಾಕಿಕೊಂಡ. ಯಾವ ಬಾಗಿಲನ್ನಾದರೂ ತೆಗೆಯುವ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಕಡಲು ದಾಟುವ ತನಕ ಕೂತ.

ಆಸ್ಪತ್ರೆಯ ಮಂಚದ ಮೇಲೆ ಚಿಕ್ಕಕ್ಕ ತಲೆ ಬಾಚಿಸಿಕೊಂಡು ಕಾಯುತ್ತಿದ್ದಳು. ಅವನ ಭುಜದಾಚೆ ನೋಡಿದಳು.

"ಅಕ್ಕ ಎಲ್ಲೋ?"

"ಸಾಲಲ್ಲಿದಾಳೆ," ಎಂದ ಬೀಗಣ್ಣ.

ಚಿಕ್ಕಕ್ಕ ನಂಬಿ, ಬೆಳಗಾಗುವ ತನಕ ಬಾಗಿಲ ಕಡೆಗೇ ನೋಡಿದಳು. ಬೆಳಿಗ್ಗೆ ಗಾಲಿ ಮಂಚ ಹೊರಟಾಗ ಅವಳ ಕೈ ಹಿಡಿದು ನಡೆದದ್ದು ಬೀಗಣ್ಣ. ಗೆರೆಯಿಲ್ಲದ ನುಣ್ಣನೆ ಬೆರಳು. ಬಾಗಿಲ ಹತ್ತಿರ ಅವಳು ಕಣ್ಣು ಮುಚ್ಚಿಕೊಂಡು, "ಅಕ್ಕನ ಕೈ ಒರಟು," ಎಂದಷ್ಟೇ ಹೇಳಿ ಒಳಗೆ ಹೋದಳು. ದೇವರು ದೊಡ್ಡವನು, ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಅಕ್ಕನ ಕೈ ಹಿಡಿದು ಆ ಬಾಗಿಲಿಗೆ ಎರಡನೇ ಸಲ ಹೋಗುವ ಹಾಗಿರಲಿಲ್ಲ.

ಅವಳು ಎದ್ದು ನಡೆಯುವ ತನಕ ಇದ್ದು ಬೀಗಣ್ಣ ಊರಿಗೆ ಮರಳಿದ. ಫೋನು ಮಾಡಿದಾಗಲೆಲ್ಲ ಅಕ್ಕ ತಂಗಿಯ ವಿಷಯ ಕೇಳಿ, ತನ್ನ ವಿಷಯ ಹೇಳದೆ ಇಟ್ಟಿದ್ದಳು. ಅದನ್ನು ಹೇಳಿದವನು ದರ್ಜಿ, ಅಂಗಡಿ ತೆರೆಯುವ ಮೊದಲೇ, ರಸ್ತೆಯಲ್ಲೇ ನಿಲ್ಲಿಸಿ.

"ನಿಮ್ಮ ಅಕ್ಕನ್ನ ನೋಡಬೇಕಿತ್ತು ಬೀಗಣ್ಣ. ಸಾಲಿನ ತುದಿ ಮುಟ್ಟಿದ ಮೇಲೆ ಕಾಗದ ಕೇಳಿದ್ರಂತೆ. 'ನನ್ನ ತಮ್ಮನ ಹತ್ರ ಇದೆ, ಈಗ ಬರ್ತಾನೆ' ಅಂದ್ರಂತೆ. ಪಕ್ಕಕ್ಕೆ ಕೂರಿಸಿದ್ರಂತೆ. ವಿಮಾನ ಹೋಯ್ತು ಅಂತ ಅವರು ಹೇಳಿದ್ರೂ ನಂಬ್ಲಿಲ್ವಂತೆ. 'ನನ್ನ ಬಿಟ್ಟು ಅವನು ಹೋಗಲ್ಲ' ಅಂತ ಕೂತೇ ಇದ್ರಂತೆ."

ಬೀಗಣ್ಣ ಅಕ್ಕನ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ಆಮೇಲೆ ಮನೆಗೆ ಬಂದ್ರೆ ಕೀ ಇಲ್ಲ. 'ಇನ್ನೊಂದು ಕೀ ತಮ್ಮನ ಅಂಗಡೀಲಿದೆ, ಮೊದಲನೇ ಮೊಳೇಲಿ' ಅಂದ್ರು. ಎಲ್ಲರೂ ಬಂದ್ವಿ. ಮೆಷಿನ್ ಕೂಡ ಬಂದ, ತನ್ನ ಸಾಮಾನೆಲ್ಲ ತಂದ. ನಿಮ್ಮ ಬೀಗ ಮಾತ್ರ ಭಾರೀ ಗಟ್ಟಿ ಬೀಗಣ್ಣ. ಏನು ಮಾಡಿದ್ರೂ ತೆಗೆಯೋಕಾಗ್ಲಿಲ್ಲ." ದರ್ಜಿಯ ದನಿಯಲ್ಲಿ ನಿಜವಾದ ಮೆಚ್ಚುಗೆಯಿತ್ತು. "ಕೊನೆಗೆ ಅಕ್ಕನೇ ಅಂದ್ರು, 'ಅವನದು ಬಿಡಿ, ನನ್ನದು ಒಡೀರಿ.' ಅವರ ಬಾಗಿಲು ಒಡೆದ್ವಿ. ಬೇಕರಿ ಅಮ್ಮ ಅಲ್ಲೇ ಮಲಗಿ ಜೊತೆ ಕೊಟ್ರು. ಬೆಳಿಗ್ಗೆ ಮೆಷಿನ್ ಹೊಸ ಬೀಗ ಹಾಕ್ದ."

ಬೀಗಣ್ಣ ಅಂಗಡಿ ತೆರೆದ. ಅವನು ಮಾಡಿದ ಬೀಗ ಅವನ ಕೈ ತಾಕಿದ ಕೂಡಲೇ ಕಳಚಿಕೊಂಡಿತು. ಹಲಗೆಯ ಮೇಲೆ ಕಾರ್ಡು ಒಂದು ಕಡೆ, ಯಾವ ಬಾಗಿಲಿಗೂ ಆಗದ ಕೀ ಒಂದು ಕಡೆ. ಕಾರ್ಡನ್ನೂ ಆ ಕೀಯನ್ನೂ ಬಿಚ್ಚಿ ಅರಗಳ ಡಬ್ಬಿಯೊಳಗೆ ಹಾಕಿದ. ಅಂಗಡಿಯ ಬೀಗಕ್ಕೆ ಅಲ್ಲೇ ಕೂತು ಅರದಿಂದ ಉಜ್ಜಿ ಇನ್ನೊಂದು ಕೀ ಮಾಡಿದ. ಅದನ್ನೂ, ಅಕ್ಕನ ಚೀಲವನ್ನೂ ಹಿಡಿದು ಪಕ್ಕದ ಓಣಿಗೆ ನಡೆದ.

ಹೊಸ ಬೀಗ ಬಾಗಿಲ ಮೇಲೆ ಹೊಳೆಯುತ್ತಿತ್ತು. ಅಗ್ಗದ ಬೀಗ. ಬೀಗಣ್ಣನಿಗೆ ಒಂದು ಹೇರ್‌ಪಿನ್ ಸಾಕಾಗಿತ್ತು. ಅವನು ಬಾಗಿಲು ತಟ್ಟಿ ಕಾದ.

ಅಕ್ಕ ಒಳಗೆ ಕರೆದಳು, ಕೂರಿಸಿದಳು, ಚಹಾ ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಅವಳ ಕೈ ಯಾರು ಹಿಡ್ಕೊಂಡಿದ್ರು?"

"ನಾನೇ ಅಕ್ಕ."

"ಬಾಗಿಲ ತನಕ?"

"ಬಾಗಿಲ ತನಕ."

"ಅತ್ಲಾ?"

"ಇಲ್ಲ. ನಿನ್ನ ಕೈ ಒರಟು ಅಂದ್ಲು."

ಅಕ್ಕ ತನ್ನ ಅಂಗೈ ನೋಡಿಕೊಂಡು, ಸೆರಗಿಗೆ ಒರೆಸಿಕೊಂಡಳು. ಬೀಗಣ್ಣ ಚೀಲವನ್ನೂ ಕನ್ನಡಕವನ್ನೂ ಪಾಸ್‌ಪೋರ್ಟನ್ನೂ ಮೇಜಿನ ಮೇಲೆ ಒಂದರ ಪಕ್ಕ ಒಂದಿಟ್ಟ. ಕೊನೆಗೆ, ಈಗಷ್ಟೇ ಮಾಡಿದ ಕೀ ಇಟ್ಟ.

"ಇದು ನನ್ನ ಅಂಗಡಿದು. ನಿನ್ನ ಹತ್ರ ಇರ್ಲಿ."

ಅಕ್ಕ ಅದನ್ನು ತೆಗೆದುಕೊಂಡು, ಕಿಟಕಿಯ ಪಕ್ಕದ ಮೊಳೆಗೆ ಹಾಕಿದಳು.

ಬೀಗಣ್ಣನ ಜೀವಕ್ಕೆ ಸ್ವಲ್ಪ ಉಸಿರು ಬಂತು. ಚಹಾದ ಲೋಟವನ್ನು ಕೆಳಗಿಟ್ಟು, ಲೋಟವನ್ನೇ ನೋಡುತ್ತ ಕೇಳಿದ, "ಅಕ್ಕ, ಮೊದಲನೇ ಮೊಳೆ ಖಾಲಿ ಇದೆ. ಹೊಸ ಬೀಗದ್ದು ಎರಡು ಕೀ ಕೊಟ್ಟಿರ್ತಾನಲ್ಲ. ಒಂದು ಕೊಡ್ತೀಯಾ?"

"ಇಲ್ಲ ಕಣೋ," ಎಂದಳು ಅಕ್ಕ. "ಕೊಡಲ್ಲ."